ಗಾಳಿಗೆ ಚೆಕ್‌ಪೋಸ್ಟ್ ಇಲ್ಲ: ವಿಷಾನಿಲ, ರೋಗಾಣು, ವಿಕಿರಣದ ಅಪಾಯಕ್ಕೆ ನೆರೆಹೊರೆ ಸೇರಿ ತಯಾರಾಗುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಪತ್ತು ತಯಾರಿಯ ತರಬೇತಿಗಳಲ್ಲಿ ಸ್ವಯಂಸೇವಕಳಾಗಿ ಕರಾವಳಿ ಮತ್ತು ಮಲೆನಾಡಿನ ಊರುಗಳಲ್ಲಿ ಓಡಾಡುತ್ತೇನೆ. ಹೋದಲ್ಲೆಲ್ಲ ಜನ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಕೂತು ಮಾತಾಡಬೇಕು.

ಸಿಬಿಆರ್‌ಎನ್ ಅಂತಾರಲ್ಲ, ಹಾಗಂದರೆ ಏನು?

ಕೆಮಿಕಲ್, ಬಯಾಲಾಜಿಕಲ್, ರೇಡಿಯಾಲಾಜಿಕಲ್, ನ್ಯೂಕ್ಲಿಯರ್. ಈ ನಾಲ್ಕರ ಮೊದಲ ಅಕ್ಷರಗಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ವಿಷಾನಿಲ, ರೋಗಾಣು, ವಿಕಿರಣ, ಅಣು. ಕೊನೆಯ ಎರಡೂ ಒಂದೇ ಅಲ್ವಾ ಅಂತ ಕೇಳುತ್ತಾರೆ. ಪೂರ್ತಿ ಒಂದೇ ಅಲ್ಲ. ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಬಳಸುವ ವಿಕಿರಣದ ವಸ್ತು ತಪ್ಪಿ ಗುಜರಿ ಅಂಗಡಿ ಸೇರಿದರೆ ಅದು ಮೂರನೆಯದು. ಅಣು ಸ್ಥಾವರದ ಅಪಘಾತ, ಅಣುಬಾಂಬು ನಾಲ್ಕನೆಯದು.

ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದ್ದಕ್ಕೆ ಕಾರಣ ಇದೆ. ನೆರೆ ಬಂದರೆ ನೀರು ಕಾಣುತ್ತದೆ, ಬೆಂಕಿ ಬಿದ್ದರೆ ಹೊಗೆ ಕಾಣುತ್ತದೆ. ಇವು ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ, ಕೆಲವಕ್ಕೆ ವಾಸನೆಯೂ ಇರುವುದಿಲ್ಲ. ಏನಾಗಿದೆ ಅಂತ ಹೇಳುವುದಕ್ಕೇ ಒಂದು ಯಂತ್ರ, ಒಂದು ಲ್ಯಾಬ್, ಗೊತ್ತಿದ್ದವರೊಬ್ಬರು ಬೇಕು. ಅವು ಎಲ್ಲ ಊರಲ್ಲೂ ಇರುವುದಿಲ್ಲ.

ನಮ್ಮ ಕಡೆಗೂ ಇದಕ್ಕೂ ಏನು ಸಂಬಂಧ?

ಜಾಸ್ತಿಯೇ ಇದೆ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಮಂಗಳೂರಲ್ಲಿ ತೈಲ ಶುದ್ಧೀಕರಣ ಘಟಕ ಇದೆ, ಅಡುಗೆ ಅನಿಲ ತುಂಬುವ ಜಾಗಗಳಿವೆ. ಅಲ್ಲಿಂದ ಹೊರಟ ಬುಲೆಟ್ ಟ್ಯಾಂಕರ್‌ಗಳು ಹಗಲು ರಾತ್ರಿ ಕೇರಳದ ಕಡೆಗೂ ಘಟ್ಟದ ಕಡೆಗೂ ಹೋಗುತ್ತವೆ. ಕಾಡಲ್ಲಿ ಮಂಗನ ಕಾಯಿಲೆ ಇದೆ. ದಕ್ಷಿಣಕ್ಕೆ, ಕೇರಳದಲ್ಲಿ, ನಿಪಾ ವೈರಸ್ ಬಂದು ಹೋಗುತ್ತಿದೆ. ಪಶ್ಚಿಮಕ್ಕೆ ಸಮುದ್ರ, ಅದರಲ್ಲಿ ಕಂಟೇನರ್ ಹಡಗುಗಳು. ಇವುಗಳಲ್ಲಿ ಒಂದೂ ನಮ್ಮ ಜಿಲ್ಲೆಯ ಗಡಿ ನೋಡಿ ನಿಲ್ಲುವಂಥದ್ದಲ್ಲ.

ನಮ್ಮ ಜಿಲ್ಲಾಡಳಿತ ತಯಾರಿದ್ದರೆ ಸಾಲದಾ? ಪಕ್ಕದ ರಾಜ್ಯ, ಪಕ್ಕದ ದೇಶ ಯಾಕೆ ಬೇಕು?

ಇದಕ್ಕೆ ನಾನು ಯಾವಾಗಲೂ ಒಂದು ಜೊತೆ ಶೂಗಳ ಕತೆ ಹೇಳುತ್ತೇನೆ.

1986ರ ಏಪ್ರಿಲ್ 28, ಸೋಮವಾರ ಬೆಳಿಗ್ಗೆ. ಸ್ವೀಡನ್‌ನ ಫೋರ್ಸ್‌ಮಾರ್ಕ್ ಅಣು ಸ್ಥಾವರದಲ್ಲಿ ಒಬ್ಬ ನೌಕರ ವಿಕಿರಣ ಅಳೆಯುವ ಗೇಟಿನ ಮುಂದೆ ಬಂದಾಗ ಅಲಾರಾಂ ಹೊಡೆದುಕೊಂಡಿತು. ವಿಕಿರಣ ಇದ್ದದ್ದು ಅವನ ಶೂಗಳಲ್ಲಿ. ತಮ್ಮ ಸ್ಥಾವರದಲ್ಲೇ ಸೋರಿಕೆ ಆಗಿದೆ ಅಂತ ಮೊದಲು ಅಂದುಕೊಂಡರು, ಕೆಲಸಗಾರರನ್ನು ಹೊರಗೆ ಕಳಿಸಿದರು. ಆಮೇಲೆ ನೋಡಿದರೆ ಸ್ಥಾವರ ಸರಿಯಾಗಿಯೇ ಇತ್ತು. ಧೂಳು ಬಂದದ್ದು ಹೊರಗಿನಿಂದ, ಸಾವಿರ ಕಿಲೋಮೀಟರ್‌ಗೂ ಆಚೆಯ ಚೆರ್ನೋಬಿಲ್‌ನಿಂದ. ಅಲ್ಲಿ ರಿಯಾಕ್ಟರ್ ಸಿಡಿದು ಎರಡು ದಿನ ಆಗಿತ್ತು. ಸೋವಿಯತ್ ಸರ್ಕಾರ ಬಾಯಿ ಬಿಟ್ಟದ್ದು ಅವತ್ತು ರಾತ್ರಿ.

ಆ ಎರಡು ದಿನ ಮಕ್ಕಳು ಬಯಲಲ್ಲಿ ಆಡಿದರು, ಹಸುಗಳು ಹುಲ್ಲು ಮೇಯ್ದವು. ನೆರೆಯವರಿಗೆ ಒಂದು ಫೋನ್ ಮಾಡಿದ್ದರೆ ಎಷ್ಟೋ ಮಾಡಬಹುದಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಎರಡು ಒಪ್ಪಂದಗಳಾದವು. ಅಣು ಅಪಘಾತ ಆದರೆ ತಡಮಾಡದೆ ನೆರೆ ದೇಶಗಳಿಗೆ ತಿಳಿಸಬೇಕು ಅನ್ನುವುದು ಒಂದು. ಕೇಳಿದರೆ ನೆರವಿಗೆ ಹೋಗುವುದು ಹೇಗೆ ಅನ್ನುವುದು ಇನ್ನೊಂದು. ಭಾರತ ಎರಡರಲ್ಲೂ ಇದೆ.

ದೇಶ ದೇಶಗಳ ನಡುವೆ ಬೇಕಾದ ಆ ಫೋನ್ ಕಾಸರಗೋಡು ಮತ್ತು ಮಂಗಳೂರಿನ ನಡುವೆ, ಕಾರವಾರ ಮತ್ತು ಗೋವಾದ ಕಾಣಕೋಣದ ನಡುವೆ ಬೇಡವಾ?

ಕೈಗಾದಲ್ಲಿ ಏನಾದರೂ ಆದರೆ ಏನು ಮಾಡುತ್ತಾರೆ?

ಸ್ಥಾವರದ ಬೇಲಿಯೊಳಗೆ ಮುಗಿಯುವ ತೊಂದರೆ ಆದರೆ ಅದನ್ನು ಸ್ಥಾವರದವರೇ ನೋಡಿಕೊಳ್ಳುತ್ತಾರೆ. ಬೇಲಿ ದಾಟಿದರೆ ಜವಾಬ್ದಾರಿ ಜಿಲ್ಲಾಧಿಕಾರಿಯದು. ಭಾರತದಲ್ಲಿ ಬೇಲಿ ದಾಟುವಂಥ ತುರ್ತು ಪರಿಸ್ಥಿತಿಯನ್ನು ಇದುವರೆಗೆ ಯಾವ ಸ್ಥಾವರದಲ್ಲೂ ಘೋಷಿಸಿಲ್ಲ. ಹಾಗಂತ ಯೋಜನೆ ಇಲ್ಲ ಅಂತಲ್ಲ. ಸ್ಥಾವರದ ಸುತ್ತ 16 ಕಿಲೋಮೀಟರ್‌ನಷ್ಟು ಜಾಗವನ್ನು ತುರ್ತು ಯೋಜನೆಗೆ ಅಂತ ಗುರುತಿಸಿ, ಹಲಸಿನಹಣ್ಣು ಹೆಚ್ಚಿದ ಹಾಗೆ 16 ಹೋಳು ಮಾಡಿರುತ್ತಾರೆ. ಗಾಳಿ ಯಾವ ಕಡೆ ಬೀಸುತ್ತಿದೆಯೋ ಆ ಹೋಳಿನ ಊರುಗಳಿಗೆ ಮೊದಲ ಸೂಚನೆ. ಮನೆಯೊಳಗೆ ಹೋಗಿ, ಬಾಗಿಲು ಕಿಟಕಿ ಹಾಕಿ, ಬಾವಿ ಮುಚ್ಚಿ, ಅಡುಗೆ ಮುಚ್ಚಿಡಿ, ಹೇಳುವವರೆಗೆ ಹೊರಗೆ ಬರಬೇಡಿ. ತೀರಾ ಬೇಕಾದರೆ ಮಾತ್ರ ಊರು ಬಿಡಿಸುತ್ತಾರೆ. ಇದನ್ನೆಲ್ಲ ಎರಡು ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ಮಾಡಿ ಪರೀಕ್ಷಿಸಬೇಕು ಅನ್ನುವುದು ನಿಯಮ.

ಒಂದು ತರಬೇತಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೊನೆಯ ಸಾಲಲ್ಲಿ ಕೂತಿದ್ದರು. ಅಧಿಕಾರಿ ಮಾತು ಮುಗಿಸಿದ ಮೇಲೆ ಎದ್ದು ನಿಂತು, "ನಾವೆಲ್ಲ ಒಳಗೆ ಹೋಗ್ತೇವೆ ಮಗಾ, ಮೇಯಕ್ಕೆ ಬಿಟ್ಟ ದನದ ಗತಿ ಏನು?" ಅಂತ ಕೇಳಿದರು. ಕೆಲವರು ನಕ್ಕರು. ಅವತ್ತಿನ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ವಿಕಿರಣದ ಅಯೋಡಿನ್ ಹುಲ್ಲಿನ ಮೇಲೆ ಬೀಳುತ್ತದೆ, ಹಸು ಹುಲ್ಲು ತಿನ್ನುತ್ತದೆ, ಹಾಲಿಗೆ ಬರುತ್ತದೆ, ಮಗು ಕುಡಿಯುತ್ತದೆ. ಚೆರ್ನೋಬಿಲ್ ಸುತ್ತಲಿನ ಸಾವಿರಾರು ಮಕ್ಕಳಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದಕ್ಕೆ ಆ ಹಾಲೇ ದೊಡ್ಡ ಕಾರಣ. ಈ ಅಯೋಡಿನ್‌ನ ಶಕ್ತಿ 8 ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಅಂದರೆ ಕೆಲವು ವಾರ ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮುಚ್ಚಿಟ್ಟ ಒಣಹುಲ್ಲು ಹಾಕಿದರೆ, ಹಾಲನ್ನು ಪರೀಕ್ಷೆ ಮಾಡದೆ ಕುಡಿಯದಿದ್ದರೆ ಮಕ್ಕಳನ್ನು ಉಳಿಸಿಕೊಳ್ಳಬಹುದು.

ಗಡಿಯ ಮಾತು ಬರುವುದೂ ಇಲ್ಲೇ. 16 ಕಿಲೋಮೀಟರ್ ಅನ್ನುವುದು ನಕ್ಷೆಯ ಗೆರೆ. ಹಾಲು, ತರಕಾರಿ, ಮೀನು ಆ ಗೆರೆ ದಾಟಿ ದಿನಾ ಓಡಾಡುತ್ತವೆ. ಬೆಳಗಾವಿ ತರಕಾರಿ ಇಲ್ಲದೆ ಗೋವಾದ ಮಾರ್ಕೆಟ್ ನಡೆಯುವುದೇ ಇಲ್ಲ. ಯಾವ ಊರಿನ ಹಾಲು ನಿಲ್ಲಿಸಬೇಕು, ಯಾವುದು ಸುರಕ್ಷಿತ ಅಂತ ಎರಡೂ ರಾಜ್ಯ ಒಂದೇ ಮಾತು ಹೇಳದಿದ್ದರೆ ಜನ ಯಾರ ಮಾತನ್ನೂ ನಂಬುವುದಿಲ್ಲ.

ಅಯೋಡಿನ್ ಮಾತ್ರೆ ಈಗಲೇ ತಂದು ಇಟ್ಟುಕೊಳ್ಳಲಾ?

ಸುಮ್ನೆ ತಿನ್ನುವ ಮಾತ್ರೆ ಅಲ್ಲ ಅದು. ಪೊಟ್ಯಾಸಿಯಂ ಅಯೋಡೈಡ್ ಥೈರಾಯ್ಡ್ ಗ್ರಂಥಿಯನ್ನು ಮೊದಲೇ ಒಳ್ಳೆಯ ಅಯೋಡಿನ್‌ನಿಂದ ತುಂಬಿಸಿಬಿಡುತ್ತದೆ, ಕೆಟ್ಟದ್ದಕ್ಕೆ ಜಾಗ ಇರುವುದಿಲ್ಲ. ಅಷ್ಟೇ ಅದರ ಕೆಲಸ. ಬೇರೆ ವಿಕಿರಣದ ವಸ್ತುಗಳಿಗೆ ಅದು ಏನೂ ಮಾಡುವುದಿಲ್ಲ. ವಿಕಿರಣ ತಗಲುವ ಸ್ವಲ್ಪ ಮೊದಲು ಅಥವಾ ತಗಲಿದ ಕೆಲವೇ ಗಂಟೆಯೊಳಗೆ ತೆಗೆದುಕೊಂಡರೆ ಮಾತ್ರ ಉಪಯೋಗ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮೊದಲು ಸಿಗಬೇಕು. 40 ದಾಟಿದವರಿಗೆ ಲಾಭ ಕಡಿಮೆ. ಆರೋಗ್ಯ ಇಲಾಖೆ ಹೇಳಿದಾಗ, ಹೇಳಿದಷ್ಟು ತೆಗೆದುಕೊಳ್ಳಿ. ಅಯೋಡಿನ್ ಟಿಂಚರ್ ಕುಡಿಯಬೇಡಿ, ಉಪ್ಪು ಜಾಸ್ತಿ ತಿನ್ನಬೇಡಿ.

ಮಂಗನ ಕಾಯಿಲೆಯನ್ನೂ ಈ ಪಟ್ಟಿಗೆ ಯಾಕೆ ಸೇರಿಸಿದ್ದೀರಿ? ಅದು ನಮ್ಮ ಹಳೇ ಜ್ವರ ಅಲ್ವಾ?

ಹಳೇದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು, ಆ ಕಾಡಿನ ಹೆಸರೇ ರೋಗಕ್ಕೂ ಬಂತು. ಬಹಳ ವರ್ಷ ಅದು ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳ ಕಾಯಿಲೆ ಅನ್ನುವ ಭಾವನೆ ಇತ್ತು. 2012ರಲ್ಲಿ ಬಂಡೀಪುರದ ಕಡೆ ಕಾಣಿಸಿತು. ಆಮೇಲೆ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟ ಒಂದೇ ಕಾಡು. ಆರು ರಾಜ್ಯದ ಗೆರೆ ಎಳೆದವರು ನಾವು.

ರೋಗ ಹರಡುವುದು ಉಣುಗಿನಿಂದ. ಎಳೆಯ ಉಣುಗು ಎಷ್ಟು ಸಣ್ಣದು ಅಂದರೆ, ತರಗೆಲೆ ಗುಡಿಸಿ ಬಂದ ಹೆಂಗಸಿನ ಹಿಮ್ಮಡಿಯ ಮೇಲೆ ಎಳ್ಳಿನ ಸಿಪ್ಪೆ ಅಂಟಿದ ಹಾಗೆ ಕಾಣುತ್ತದೆ. ಕೊಡವಿದರೆ ಬೀಳುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಅಡಿಕೆ ಕೊಯ್ಲು, ಗೋಡಂಬಿ ಕೊಯ್ಲು, ಸೊಪ್ಪು ತರಗೆಲೆ ತರುವುದು ಎಲ್ಲ ಅದೇ ಹೊತ್ತಿಗೆ. ಗೋಡಂಬಿ ಕೊಯ್ಲಿಗೆ ರಾಜ್ಯ ದಾಟಿ ಹೋದ ಕೂಲಿಯವರು ಜ್ವರ ಹೊತ್ತು ತಮ್ಮೂರಿಗೆ ಬಂದರೆ, ಅಲ್ಲಿನ ಡಾಕ್ಟರಿಗೆ ಮೊದಲು ನೆನಪಾಗುವುದು ಡೆಂಗ್ಯೂ, ಇಲಿಜ್ವರ. ಮಂಗನ ಕಾಯಿಲೆ ಅಂತ ಹೊಳೆಯಬೇಕಾದರೆ, ಆ ಕಾಡಲ್ಲಿ ಮಂಗ ಸತ್ತ ಸುದ್ದಿ ಈ ಆಸ್ಪತ್ರೆಗೆ ತಲುಪಿರಬೇಕು.

ಹಾಗಾಗಿ ತೋಟದಲ್ಲೋ ಕಾಡಂಚಿನಲ್ಲೋ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಎಳೆದು ಹೂಳಬೇಡಿ. ಅದರ ಮೈಮೇಲಿನ ಉಣುಗುಗಳೆಲ್ಲ ಕೆಳಗಿಳಿದು ಸುತ್ತ ಹರಡಿರುತ್ತವೆ. ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ಕೂಡಲೇ ಹೇಳಿ. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ನೆನೆಹಾಕಿ. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗದ ಕಾರಣ 2022ರಲ್ಲಿ ಅದನ್ನು ನಿಲ್ಲಿಸಿದರು. ರೋಗ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ಇದನ್ನು ಹಳೇ ಜ್ವರ ಅಂತ ಬಿಡಲು ನನ್ನಿಂದಾಗದು.

ನಿಪಾ ಬಂದಾಗ ನಮ್ಮವರು ಕೇರಳಕ್ಕೆ ಏನಾದರೂ ಸಹಾಯ ಮಾಡಿದ್ದರಾ?

ಮಾಡಿದ್ದರು, ಮತ್ತೆ ಅದು ಹೆಮ್ಮೆ ಪಡುವ ವಿಷಯ. 2018ರ ಮೇ ತಿಂಗಳು. ಕೋಯಿಕ್ಕೋಡಿನಲ್ಲಿ ಒಂದೇ ಮನೆಯ ಎರಡನೆಯ ರೋಗಿಯನ್ನು ನೋಡಿದ ವೈದ್ಯರಿಗೆ ಇದು ಮಾಮೂಲಿ ಮಿದುಳು ಜ್ವರ ಅಲ್ಲ ಅನ್ನಿಸಿತು. ಮಾದರಿಗಳನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ನಿಪಾ ಅಂತ ಮೊದಲು ಹೇಳಿದ್ದು ಮಣಿಪಾಲ, ಆಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತಪಡಿಸಿತು. ಲ್ಯಾಬ್‌ನಲ್ಲಿ ದೃಢಪಟ್ಟ 18 ಜನರಲ್ಲಿ 16 ಜನ ಸತ್ತರು. ಅಷ್ಟು ಕ್ರೂರ ರೋಗ. ಆದರೂ ಕೆಲವೇ ವಾರದಲ್ಲಿ ಹತೋಟಿಗೆ ಬಂತು. ಎರಡನೆಯ ರೋಗಿಯ ಹಂತದಲ್ಲೇ ಹೆಸರು ಗೊತ್ತಾದದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಆ ಮಾದರಿಗಳು ಸರಿಯಾದ ಜಾಗಕ್ಕೆ ಸಲೀಸಾಗಿ ಹೋದದ್ದು ಹೇಗೆ? ಎರಡೂ ಕಡೆಯವರಿಗೆ ಮೊದಲೇ ಪರಿಚಯ ಇತ್ತು. ಸಹಕಾರ ಅಂದರೆ ಇದೇ. ಅಪಾಯ ಬಂದ ದಿನ ಪರಿಚಯ ಮಾಡಿಕೊಳ್ಳುವುದಕ್ಕೆ ಹೊತ್ತಿರುವುದಿಲ್ಲ.

ರೋಗ ಬಂದರೆ ಗಡಿ ಮುಚ್ಚಿಬಿಡುವುದೇ ಸುಲಭ ಅಲ್ವಾ?

2020ರ ಮಾರ್ಚ್ ಕೊನೆಯಲ್ಲಿ ಮಂಗಳೂರು-ಕಾಸರಗೋಡು ನಡುವಿನ ಗಡಿ ತಲಪಾಡಿಯಲ್ಲಿ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಕೊರೊನಾ ಭಯಕ್ಕೆ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡಿನ ಜನ ತಲೆಮಾರುಗಳಿಂದ ದೊಡ್ಡ ಕಾಯಿಲೆಗೆ ಮಂಗಳೂರಿಗೇ ಬರುವವರು. ಕೊರೊನಾ ಇಲ್ಲದ, ಹೃದಯದ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದವರ ಆಂಬುಲೆನ್ಸ್‌ಗಳೂ ನಿಂತವು. ಚಿಕಿತ್ಸೆ ಸಿಗದೆ ಜನ ಸತ್ತರು. ಮಾತು ಕೇರಳ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ತುರ್ತು ರೋಗಿಗಳನ್ನು ಹೇಗೆ ಬಿಡಬೇಕು ಅಂತ ಎರಡೂ ರಾಜ್ಯ ಒಂದು ಪದ್ಧತಿಗೆ ಒಪ್ಪಿದವು.

ಸೋಂಕಿನ ಭಯ ನಿಜ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವ ರೋಗಿಗೆ ದಾರಿ ಬಿಡಬೇಕು, ಯಾವ ಡಾಕ್ಟರ್ ಸಹಿ ಸಾಕು, ಆಂಬುಲೆನ್ಸ್ ಎಲ್ಲಿ ಬದಲಿಸಬೇಕು ಅನ್ನುವುದೆಲ್ಲ ಒಂದು ಹಾಳೆಯಲ್ಲಿ ಬರೆದಿಡುವ ಮಾತು. ಅದು ಮೊದಲೇ ಬರೆದಿದ್ದರೆ ಆ ದಿನಗಳು ಕೋರ್ಟಿನಲ್ಲಿ ಕಳೆಯುತ್ತಿರಲಿಲ್ಲ.

ಹೈವೇಯಲ್ಲಿ ಟ್ಯಾಂಕರ್ ಮಗುಚಿದರೆ ನಾವು ಏನು ಮಾಡಬೇಕು?

ಮೊದಲು ದೂರ ಹೋಗಿ, ಗಾಳಿ ಬರುವ ದಿಕ್ಕಿಗೆ. ಅಂದರೆ ಗಾಳಿ ಟ್ಯಾಂಕರ್ ಕಡೆಯಿಂದ ನಿಮ್ಮ ಕಡೆಗಲ್ಲ, ನಿಮ್ಮ ಕಡೆಯಿಂದ ಟ್ಯಾಂಕರ್ ಕಡೆಗೆ ಬೀಸುವಂತಿರಬೇಕು. ತೆಂಗಿನ ಗರಿ ನೋಡಿದರೆ ಗೊತ್ತಾಗುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ, ಚರಂಡಿಯಲ್ಲಿ ಹರಿದು ಹೋಗಿ ಎಲ್ಲೋ ಉರಿಯುತ್ತಿರುವ ಒಲೆಯ ಹತ್ತಿರ ಸೇರುತ್ತದೆ. ಹಾಗಾಗಿ ಬೈಕ್ ಸ್ಟಾರ್ಟ್ ಮಾಡಬೇಡಿ, ಸ್ವಿಚ್ ಮುಟ್ಟಬೇಡಿ, ವೀಡಿಯೋ ಮಾಡಲು ಹತ್ತಿರ ಹೋಗಬೇಡಿ. ದೂರ ಹೋಗಿ 112ಕ್ಕೆ ಫೋನ್ ಮಾಡಿ.

ಟ್ಯಾಂಕರಿನ ಪಕ್ಕದಲ್ಲಿ, ಹಿಂದೆ ಒಂದು ಬೋರ್ಡ್ ಇರುತ್ತದೆ, ಅದರಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ. ದೂರದಿಂದಲೇ ಕಂಡರೆ ಫೋನಲ್ಲಿ ಅದನ್ನು ಹೇಳಿ. 1075 ಅಂದರೆ ಅಡುಗೆ ಅನಿಲ, 1203 ಪೆಟ್ರೋಲ್, 1005 ಅಮೋನಿಯ, 1017 ಕ್ಲೋರಿನ್. ಇದು ವಿಶ್ವಸಂಸ್ಥೆಯ ಸಂಖ್ಯೆ, ಕಣ್ಣೂರಿನಲ್ಲೂ ಕುಮಟಾದಲ್ಲೂ ಬ್ರೆಜಿಲ್‌ನಲ್ಲೂ ಅರ್ಥ ಒಂದೇ. ಭಾಷೆ ಬಾರದ ಚಾಲಕನೂ ಆ ಸಂಖ್ಯೆ ತೋರಿಸಿದರೆ ಸಾಕು.

2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್‌ಗಳು ಮಗುಚಿ ಬೆಂಕಿ ಹತ್ತಿತು. ಚಾಲದಲ್ಲಿ 20 ಜನ ಸತ್ತರು, ಹಲವರು ಅಕ್ಕಪಕ್ಕದ ಮನೆಗಳವರು. ಇಂಥ ಅಪಘಾತ ಗಡಿಯ ಹತ್ತಿರ ಆದರೆ ಯಾವ ರಾಜ್ಯದ ಅಗ್ನಿಶಾಮಕ ಗಾಡಿ ಬೇಗ ಬರುತ್ತದೋ ಅದೇ ಬರಬೇಕು. ಸ್ಟೇಷನ್ ಯಾರದು ಅನ್ನುವ ಚರ್ಚೆ ಬೆಂಕಿ ಆರಿದ ಮೇಲೆ ಇರಲಿ.

ಸಮುದ್ರದಲ್ಲಿ ಹಡಗು ಮುಳುಗಿದರೆ ದಡದಲ್ಲಿರುವ ನಮಗೇನು?

ಮೀನುಗಾರರು ಈ ಪ್ರಶ್ನೆ ಕೇಳುವುದಿಲ್ಲ, ಅವರಿಗೆ ಗೊತ್ತು.

2021ರ ಮೇನಲ್ಲಿ ಎಕ್ಸ್‌ಪ್ರೆಸ್ ಪರ್ಲ್ ಅನ್ನುವ ಹಡಗಿನ ಒಂದು ಕಂಟೇನರಿನಿಂದ ನೈಟ್ರಿಕ್ ಆಸಿಡ್ ಸೋರುತ್ತಿತ್ತು. ಅದನ್ನು ಇಳಿಸಿಕೊಳ್ಳಿ ಅಂತ ಕತಾರ್‌ನ ಹಮದ್ ಬಂದರು, ಗುಜರಾತಿನ ಹಜೀರಾ ಬಂದರು ಎರಡನ್ನೂ ಕೇಳಿತು. ಎರಡೂ ಕಡೆ ಆಗಲಿಲ್ಲ. ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಸೋರುವ ಆಸಿಡ್ ಹೊತ್ತುಕೊಂಡೇ ಇಳಿದು ಕೊಲಂಬೊ ಹೊರಗೆ ಬೆಂಕಿಗೆ ಸಿಕ್ಕಿತು. ಬೆಂಕಿ ಆರಿಸಲು ನಮ್ಮ ಕರಾವಳಿ ಕಾವಲು ಪಡೆಯ ಹಡಗುಗಳು ಹೋದವು. ಆದರೂ ಹಡಗು ಮುಳುಗಿತು, ಲಂಕೆಯ ಮರಳಿನ ಮೇಲೆ ಪ್ಲಾಸ್ಟಿಕ್ ಕಾಳುಗಳು ಹಿಮದ ಹಾಗೆ ಬಿದ್ದವು. ಬೆಂಕಿ ಆರಿಸುವ ಸಹಕಾರ ಸಿಕ್ಕಿತು, ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವ ಸಹಕಾರ ಸಿಗಲಿಲ್ಲ. ನನ್ನನ್ನು ಹೆಚ್ಚು ಕಾಡುವ ಘಟನೆ ಇದು.

2025ರ ಮೇ 25ರಂದು ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಮುಳುಗಿತು. ಅದರ 640 ಕಂಟೇನರ್‌ಗಳಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು, ನೀರು ತಾಗಿದರೆ ಉರಿಯುವ ಅನಿಲ ಬಿಡುವ ವಸ್ತು. ಎರಡೇ ವಾರಕ್ಕೆ, ಜೂನ್ 9ರಂದು, ಕೇರಳದ ಉತ್ತರ ಕರಾವಳಿಯಾಚೆ ವಾನ್ ಹೈ 503ಕ್ಕೆ ಬೆಂಕಿ ಬಿತ್ತು. ಅದರಿಂದ ಪಾರಾದ 18 ಮಂದಿಯನ್ನು ನೌಕಾಪಡೆ ಅದೇ ರಾತ್ರಿ ಕರೆತಂದದ್ದು ಮಂಗಳೂರಿನ ಬಂದರಿಗೆ. ಸುಟ್ಟಗಾಯಕ್ಕೆ ಚಿಕಿತ್ಸೆ ಆದದ್ದೂ ಇಲ್ಲೇ.

ದಡಕ್ಕೆ ಕಂಟೇನರ್, ಪೀಪಾಯಿ, ಚೀಲ ಏನೇ ಬಂದರೂ ಮುಟ್ಟಬೇಡಿ, ತೆರೆಯಬೇಡಿ. ಪೊಲೀಸರಿಗೆ ಹೇಳಿ.

ವಿಶೇಷ ತಂಡ ಎಲ್ಲಿಂದ ಬರುತ್ತದೆ? ಎಷ್ಟು ಹೊತ್ತಾಗುತ್ತದೆ?

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್, ಇಂಥ ಕೆಲಸಕ್ಕೆ ಸೂಟು, ಅಳತೆ ಯಂತ್ರ ಎಲ್ಲ ಇಟ್ಟುಕೊಂಡಿರುತ್ತದೆ. ಕರ್ನಾಟಕವನ್ನು ನೋಡಿಕೊಳ್ಳುವುದು ವಿಜಯವಾಡ ಹತ್ತಿರದ 10ನೇ ಬೆಟಾಲಿಯನ್, ಅದರ ತಂಡ ಬೆಂಗಳೂರಿನಲ್ಲೂ ಇರುತ್ತದೆ. ಕೇರಳಕ್ಕೆ ಅರಕ್ಕೋಣಂನ 4ನೆಯದು, ಗೋವಾಕ್ಕೆ ಪುಣೆಯ 5ನೆಯದು. ಒಂದೇ ಕರಾವಳಿಗೆ ಮೂರು ದಿಕ್ಕಿನಿಂದ ಮೂರು ಪಡೆ. ಅವರು ಮೊದಲೇ ಸೇರಿ ಅಭ್ಯಾಸ ಮಾಡದಿದ್ದರೆ ರೇಡಿಯೋ ಕೂಡ ಹೊಂದುವುದಿಲ್ಲ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಟ್ಯಾಂಕಿನಿಂದ ಸ್ಟೈರೀನ್ ಆವಿ ಸೋರಿ 12 ಜನ ಸತ್ತರಲ್ಲ, ಆಗ ಪುಣೆಯಿಂದ ಪರಿಣತರ ತಂಡ ವಿಮಾನದಲ್ಲಿ ಹೋಯಿತು. ಟ್ಯಾಂಕಿನೊಳಗಿನ ರಾಸಾಯನಿಕ ಕ್ರಿಯೆ ತಡೆಯಲು ಬೇಕಾದ ರಾಸಾಯನಿಕ ಬಂದದ್ದು ಗುಜರಾತ್ ಕಡೆಯಿಂದ. ಅದು ಎಲ್ಲಿ ಇದೆ ಅಂತ ಹುಡುಕಲು ಕಳೆದ ಪ್ರತಿ ನಿಮಿಷವೂ ಊರಿನವರ ಪಾಲಿಗೆ ನಷ್ಟವೇ. ಯಾವ ಔಷಧಿ, ಯಾವ ರಾಸಾಯನಿಕ ಯಾವ ಜಿಲ್ಲೆಯ ಯಾವ ಗೋದಾಮಿನಲ್ಲಿದೆ ಅನ್ನುವ ಪಟ್ಟಿ ನೆರೆ ರಾಜ್ಯಗಳ ಕೈಯಲ್ಲಿ ಒಂದೇ ಇರಬೇಕು.

ಗುಜರಿಯಲ್ಲಿ ವಿಕಿರಣ ಸಿಗುವುದು ನಿಜವಾ?

ನಿಜ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಹರಾಜಾದ ಹಳೆಯ ಉಪಕರಣವೊಂದರಲ್ಲಿ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಸುಟ್ಟಗಾಯಗಳಾದವು, ಒಬ್ಬರು ಸತ್ತರು. ಭಾರವಾದ ಸೀಸದ ಡಬ್ಬಿ, ಅದರ ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತು ಕಂಡರೆ ಬಿಚ್ಚಬೇಡಿ, ಜೇಬಲ್ಲಿ ಇಟ್ಟುಕೊಳ್ಳಬೇಡಿ. ದೂರ ನಿಂತು ಪೊಲೀಸರನ್ನು ಕರೆಯಿರಿ.

ದೇಶ ದೇಶಗಳ ನಡುವೆ ನಮ್ಮ ಭಾಗದಲ್ಲಿ ಏನು ನಡೆದಿದೆ?

ಸ್ವಲ್ಪ ನಡೆದಿದೆ. ಭಾರತ, ಪಾಕಿಸ್ತಾನ ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಅಂತ 1988ರಲ್ಲಿ ಒಪ್ಪಿ, 1992ರಿಂದ ಪ್ರತಿ ಜನವರಿ 1ಕ್ಕೆ ಪಟ್ಟಿ ಹಂಚಿಕೊಳ್ಳುತ್ತವೆ. ಶ್ರೀಲಂಕಾ ಜೊತೆ 2015ರಲ್ಲಿ ಆದ ಅಣು ಒಪ್ಪಂದದಲ್ಲಿ ವಿಕಿರಣ ಅವಘಡ ತಗ್ಗಿಸುವ ಮಾತೂ ಇದೆ. ಸಾರ್ಕ್ ದೇಶಗಳು 2011ರಲ್ಲಿ ಬೇಗ ನೆರವಿಗೆ ಹೋಗುವ ಒಪ್ಪಂದ ಮಾಡಿಕೊಂಡವು, ಆದರೆ ಅದು ನೈಸರ್ಗಿಕ ವಿಕೋಪಕ್ಕೆ. ಬೇರೆ ಕಡೆ, ಯುರೋಪಿಯನ್ ಒಕ್ಕೂಟ ಇಂಥ ನಾಲ್ಕೂ ಅಪಾಯಗಳಿಗೆ ಅಂತಲೇ 2010ರಲ್ಲಿ ಶುರು ಮಾಡಿದ ಜಾಲವೊಂದಿದೆ. ಆಗ್ನೇಯ ಏಷ್ಯಾಕ್ಕೆ ಮನಿಲಾ, ಪೂರ್ವ ಆಫ್ರಿಕಾಕ್ಕೆ ನೈರೋಬಿ, ಮಧ್ಯ ಏಷ್ಯಾಕ್ಕೆ ತಾಷ್ಕೆಂಟ್, ಹೀಗೆ ಒಂದೊಂದು ಪ್ರದೇಶಕ್ಕೆ ಒಂದು ಕಚೇರಿ. ದೇಶಗಳು ತಮ್ಮಲ್ಲಿ ಏನಿದೆ, ಏನಿಲ್ಲ ಅಂತ ತಾವೇ ಲೆಕ್ಕ ಹಾಕಿ ನೆರೆಯವರ ಜೊತೆ ಕೂತು ತರಬೇತಿ ಹಂಚಿಕೊಳ್ಳುತ್ತವೆ. ನಮ್ಮ ಪಶ್ಚಿಮ ಘಟ್ಟದ ರಾಜ್ಯಗಳಿಗೂ ಇಂಥದ್ದೊಂದು ಮೇಜು ಬೇಕು ಅಂತ ನನ್ನ ಗಟ್ಟಿ ಅನಿಸಿಕೆ.

ಇದನ್ನೆಲ್ಲ ಹೇಳಿದರೆ ಜನ ಹೆದರುವುದಿಲ್ಲವಾ?

ಹೇಳದಿದ್ದರೆ ಜಾಸ್ತಿ ಹೆದರುತ್ತಾರೆ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಜನ ಗಾಳಿ ಹೋಗುವ ದಿಕ್ಕಿಗೇ ಓಡಿದರು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದುಕೊಳ್ಳಿ ಅಂತ ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಯಾವ ಅನಿಲ ಅಂತ ಡಾಕ್ಟರಿಗೂ ಗೊತ್ತಿರಲಿಲ್ಲ.

ಗ್ರಾಮಸಭೆಯಲ್ಲಿ ನಾವು ಏನು ಕೇಳಬಹುದು?

ನಮ್ಮ ಊರು ಯಾವ ಯೋಜನೆಯ ಯಾವ ಹೋಳಿನಲ್ಲಿದೆ? ಸೈರನ್ ಎಲ್ಲಿದೆ, ಕರೆಂಟ್ ಹೋದರೆ ಕೂಗುತ್ತದಾ? ಹಾಸಿಗೆ ಹಿಡಿದವರನ್ನು ಯಾರು ಎತ್ತಿಕೊಂಡು ಹೋಗುತ್ತಾರೆ, ಹೆಸರು ಬರೆದಿದ್ದೀರಾ? ಕಳೆದ ಅಣಕು ಕಾರ್ಯಾಚರಣೆಗೆ ಗಡಿಯಾಚೆಯ ಪಂಚಾಯಿತಿಯವರನ್ನು ಕರೆದಿದ್ದಿರಾ? ಆಚೆ ಕಡೆಯ ತಹಸೀಲ್ದಾರರ ಫೋನ್ ನಂಬರ್ ನಿಮ್ಮಲ್ಲಿ ಇದೆಯಾ, ಈಗಲೂ ಅದೇ ನಂಬರಾ? ಕೊನೆಯ ಪ್ರಶ್ನೆ ಕೇಳಿದ ಮೇಲೆ ಅಲ್ಲೇ ಒಂದು ಸಲ ಫೋನ್ ಮಾಡಿಸಿ ನೋಡಿ.